ಮಾತಿಗೆ ಎರಡು ಅಂಕ

ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಕಳಿಸುತ್ತಾನೆ. ನನಗೆ ಬಾಯಿ ಕೊಟ್ಟ. ಹಾಡುವ ಬಾಯಲ್ಲ, ಬರೀ ಮಾತಾಡುವ ಬಾಯಿ. ಕೇಳುವವರು ಎದುರಿಗಿರಬೇಕೆಂಬ ಹಟವೂ ಅದಕ್ಕಿಲ್ಲ. ಒಲೆಯ ಮೇಲಿನ ಹಾಲಿಗೆ ‘ಉಕ್ಕಬೇಡ, ಬಂದೆ’ ಎನ್ನುತ್ತೇನೆ. ಬೀಗದ ಕೈ ಸಿಗದಿದ್ದರೆ ‘ಎಲ್ಲಿ ಹಾಳಾಗಿ ಹೋದೆ’ ಎಂದು ಬೀಗದ ಕೈಯನ್ನೇ ವಿಚಾರಿಸುತ್ತೇನೆ. ಇದರಿಂದ ಸಂಸಾರದಲ್ಲಿ ಆಗುವ ತೊಂದರೆಗಳನ್ನು ನನ್ನ ಗಂಡನನ್ನು ಕೇಳಿದರೆ ವಿಸ್ತಾರವಾಗಿ ಹೇಳುತ್ತಾರೆ, ಮಧ್ಯೆ ನಾನು ಬಾಯಿ ಹಾಕದಿದ್ದರೆ. ಆದರೆ ಇದೇ ಬಾಯಿಗೆ ಒಮ್ಮೆ ಜರ್ಮನಿಯಲ್ಲಿ ದಂಡ ಬಿದ್ದಿದೆ, ಅದೂ ಭಾರತದ ಪರವಾಗಿ ಹೋಗಿದ್ದಾಗ. ಈ ಸಂಗತಿ ಗೊತ್ತಿಲ್ಲದವರು ಬಂಗಾರಪೇಟೆಯಲ್ಲಿ ಯಾರೂ ಇರಲಾರರು, ಏಕೆಂದರೆ ಎಲ್ಲರಿಗೂ ನಾನೇ ಹೇಳಿದ್ದೇನೆ.

ಈ ಬಾಯಿ ಮನೆತನದಿಂದ ಬಂದದ್ದು. ನಮ್ಮದು ಬಂಗಾರಪೇಟೆಯ ಪಕ್ಕದ ಹಳ್ಳಿ. ಅಪ್ಪ ದಿನಾ ರೈಲಿನಲ್ಲಿ ಕೆಜಿಎಫ್‌ನ ಕಾರ್ಖಾನೆಗೆ ಹೋಗಿಬರುತ್ತಿದ್ದರು, ಅಮ್ಮ ಹಸು ಸಾಕಿದ್ದಳು. ಹಾಲು ಕರೆಯುವಾಗ ಅಮ್ಮ ಹಸುವಿಗೆ ಊರಿನ ಸಮಾಚಾರವನ್ನೆಲ್ಲ ಒಪ್ಪಿಸುತ್ತಿದ್ದಳು. “ಯಾಕ್ಲೇ ಮೊಕ ಊದಿಸ್ಕೊಂಡಿದ್ದೀಯ? ನಿನ್ನೆ ಬೂಸಾ ಕಮ್ಮಿ ಆಯ್ತಾ? ಇರು, ನಿಮ್ಮಪ್ಪ ಬರ್ಲಿ ಕೇಳಾನ.” ನಿಮ್ಮಪ್ಪ ಎಂದರೆ ನಮ್ಮಪ್ಪನೇ. ನಮ್ಮ ಕಡೆ ಎತ್ತು, ಎಮ್ಮೆ, ಮೇಕೆ ಯಾವುದನ್ನೂ ಮಾತಾಡಿಸದೆ ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಒದೆ ಬೀಳುತ್ತದೆ. ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಜಟಕಾ ಕುದುರೆಗಳನ್ನು ಮಾತಾಡಿಸದೆ ನಾನು ಒಂದು ದಿನವೂ ಶಾಲೆಗೆ ಹೋದವಳಲ್ಲ. ಬೆಂಗಳೂರಿನಲ್ಲಿ ಪಶುವೈದ್ಯ ಕಾಲೇಜಿಗೆ ಸೇರಿ, ಅಲ್ಲಿ ಕುದುರೆ ಸವಾರಿಯ ತಂಡವಿದೆ ಎಂದು ತಿಳಿದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಹಸುವಿನ ಮನೆಯ ಹುಡುಗಿಗೆ ಕುದುರೆ ಬಹಳ ಬೇಗ ಒಗ್ಗಿತು.

ನಾನು ಕಲಿತದ್ದು ಡ್ರೆಸಾಜ್. ಅದು ರೇಸಲ್ಲ, ಬೇಲಿ ಹಾರುವುದೂ ಅಲ್ಲ. ಮರಳು ಹಾಸಿದ ಒಂದು ಚೌಕದೊಳಗೆ ಕುದುರೆ ಹೇಳಿದ ಕಡೆ ನಡೆಯಬೇಕು, ಹೇಳಿದ ಕಡೆ ಓಡಬೇಕು, ಅಡ್ಡಡ್ಡ ಹೆಜ್ಜೆ ಹಾಕಬೇಕು, ಕಂಬದ ಹಾಗೆ ನಿಲ್ಲಬೇಕು. ಸವಾರ ಮಾತ್ರ ಏನೂ ಮಾಡದವನಂತೆ ಕೂತಿರಬೇಕು. ತೀರ್ಪುಗಾರರು ಪ್ರತಿಯೊಂದು ಚಲನೆಗೂ ಅಂಕ ಹಾಕುತ್ತಾರೆ. ಇಷ್ಟರವರೆಗೆ ನನಗೆ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಒಂದು ನಿಯಮದಲ್ಲಿ: ಸವಾರ ಕುದುರೆಯ ಜೊತೆ ಮಾತಾಡುವ ಹಾಗಿಲ್ಲ. ನಾಲಗೆಯಲ್ಲಿ ಲೊಚಗುಟ್ಟಿದರೂ ಮಾತೆಂದೇ ಲೆಕ್ಕ. ಮಾತಿಗೆ ಎರಡು ಅಂಕ ಕಳೆಯುತ್ತಾರೆ.

ನಮ್ಮ ಗುರುಗಳು ಸೈನ್ಯದಿಂದ ನಿವೃತ್ತರಾದ ಒಬ್ಬ ಮೇಜರ್. “ನಿನ್ನ ಕಾಲು ಮಾತಾಡಲಿ, ಬೆನ್ನು ಮಾತಾಡಲಿ. ಬಾಯಿಗೆ ಇಲ್ಲಿ ಕೆಲಸ ಇಲ್ಲ,” ಎಂದು ಹೇಳಿ ಹೇಳಿ ಅವರ ಬಾಯೇ ನೋಯುತ್ತಿತ್ತು. ಜರ್ಮನಿಯಲ್ಲಿ ನಡೆಯುವ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಸ್ಪರ್ಧೆಗೆ ಮೂವರ ತಂಡದಲ್ಲಿ ನನ್ನನ್ನೂ ಆರಿಸಿದಾಗ ಅವರು ಸಂತೋಷಪಡುವ ಬದಲು ನಿಟ್ಟುಸಿರುಬಿಟ್ಟರು. ಹೊರಡುವವರೆಗೆ ರಜಕ್ಕೆ ಊರಿಗೆ ಹೋದಾಗಲೂ ಮೌನದ ಅಭ್ಯಾಸ ಮಾಡಬೇಕೆಂದು ಅಪ್ಪಣೆಯಾಯಿತು.

ಮಾಡಿದೆ. ಉರಿಗಾಂನಲ್ಲಿದ್ದ ಚಿಕ್ಕಮ್ಮನ ಮನೆಯಿಂದ ಬಂಗಾರಪೇಟೆಗೆ ಹಿಂತಿರುಗುವಾಗ, ಮಾರಿಕುಪ್ಪಂ ಕಡೆಯಿಂದ ಬಂದ ರೈಲು ಹತ್ತಿ ತುಟಿ ಬಿಗಿದು ಕೂತೆ. ಎದುರಿಗೆ ಸೀಬೆಹಣ್ಣಿನ ಬುಟ್ಟಿಯ ಹೆಂಗಸು. ಆಕೆ ಯಾವೂರು ಎಂದು ತಮಿಳಿನಲ್ಲಿ ಕೇಳಿದಳು, ತೆಲುಗಿನಲ್ಲಿ ಕೇಳಿದಳು, ಕೊನೆಗೆ ಕನ್ನಡದಲ್ಲೂ ಕೇಳಿದಳು. ಮೂರರಲ್ಲೂ ಉತ್ತರ ಬರದಿದ್ದಾಗ ಪಕ್ಕದವಳ ಕಡೆ ತಿರುಗಿ, “ಪಾಪ, ಮಾತು ಬರಲ್ಲ ಕಣಮ್ಮ. ನೋಡಕ್ಕೆ ಎಷ್ಟು ಲಕ್ಷಣವಾಗವ್ಳೆ. ಯಾರ್ ಕಟ್ಕೋತಾರೆ ಇಂಥೋಳ್ನ?” ಎಂದಳು. ಯಾರು ಕಟ್ಟಿಕೊಳ್ಳುತ್ತಾರೆ ಎಂಬುದನ್ನು ನಾನು ಆಕೆಗೆ ಮೂರು ಭಾಷೆಯಲ್ಲೂ ವಿವರಿಸಿದೆ. ರೈಲು ಇನ್ನೂ ಕೋರಮಂಡಲ್ ಸ್ಟೇಷನ್ ದಾಟಿರಲಿಲ್ಲ.

ಆಗಿನ್ನೂ ಎರಡು ಜರ್ಮನಿಗಳಿದ್ದ ಕಾಲ. ನಾವು ಹೋದದ್ದು ಪಶ್ಚಿಮದ್ದಕ್ಕೆ. ಅಲ್ಲಿ ಕುದುರೆಗಳನ್ನು ಆತಿಥೇಯರೇ ಕೊಡುತ್ತಾರೆ, ಚೀಟಿ ಎತ್ತಿ ಯಾರಿಗೆ ಯಾವುದು ಬರುತ್ತದೋ ಅದನ್ನೇ ಏರಬೇಕು. ನನ್ನ ಪಾಲಿಗೆ ಬಂದದ್ದು ಒಂದು ಕಪ್ಪು ಮಿಶ್ರಿತ ಕಂದು ಕುದುರೆ, ಆಳೆತ್ತರಕ್ಕಿಂತ ಎತ್ತರ. ಅದರ ಹೆಸರು ನನ್ನ ನಾಲಗೆಗೆ ಹೊರಳಲಿಲ್ಲ. ಉದ್ದ ಮುಖ, ಜೋತುಬಿದ್ದ ಕೆಳತುಟಿ, ಜಗತ್ತಿನ ಮೇಲೆಲ್ಲ ಅನುಮಾನ: ನೋಡಿದರೆ ಥೇಟ್ ನಮ್ಮ ಸೋದರಮಾವ ಸೀನಪ್ಪ. ಮನಸ್ಸಿನಲ್ಲೇ ಹಾಗೇ ಕರೆದೆ.

ನಮ್ಮ ತಂಡದ ಇಬ್ಬರು ಹುಡುಗರು ಚೆನ್ನಾಗಿ ಮಾಡಿ ಮುಗಿಸಿದ್ದರು. ಮೂವರ ಅಂಕವನ್ನೂ ಕೂಡಿಸುವುದರಿಂದ, ನಾನೊಬ್ಬಳು ಹೊರಗೆ ಬಿದ್ದರೆ ತಂಡವೇ ಹೊರಗೆ. ಕುದುರೆ ಹಟ ಹಿಡಿದು ನಿಂತೇಬಿಟ್ಟರೆ ಗಂಟೆ ಬಾರಿಸಿ ಕಳಿಸಿಬಿಡುತ್ತಾರೆ. ಮೇಜರ್ ನನ್ನ ಕೋಟಿನ ಗುಂಡಿ ಸರಿಮಾಡುತ್ತ, “ಪದಕದ ಹತ್ತಿರ ಇದ್ದೀವಿ. ಬಾಯಿ,” ಎಂದಷ್ಟೇ ಹೇಳಿದರು.

ಒಳಗೆ ಹೋದೆ. ಅಷ್ಟು ಜನ ಕೂತಿದ್ದರೂ ಒಬ್ಬರೂ ಕೆಮ್ಮುವುದಿಲ್ಲ; ಅಂಥ ನಿಶ್ಶಬ್ದವನ್ನು ನಾನು ಊರಿನಲ್ಲಿ ಸಾವಿನ ಮನೆಯಲ್ಲೂ ಕಂಡಿರಲಿಲ್ಲ. ನಮಸ್ಕಾರ ಮಾಡಿ ಹೊರಟೆವು. ಸೀನಪ್ಪ ಚಿನ್ನದಂಥವನು. ನಾನು ಕಾಲಿನ ಮೀನಖಂಡ ಒತ್ತುವ ಮೊದಲೇ ಅವನಿಗೆ ತಿಳಿಯುತ್ತಿತ್ತು. ನನ್ನ ಎದೆ ಉಬ್ಬಿತು. ಜಟಕಾ ಕುದುರೆಗಳ ಜೊತೆ ಹರಟುತ್ತಿದ್ದ ಹುಡುಗಿ ಹೀಗೆ ತಲೆಯೆತ್ತಿ ಪರದೇಶದ ಮರಳಿನ ಮೇಲೆ ಹೋಗುವುದನ್ನು ಅಪ್ಪ ಅಮ್ಮ ಕಾಣಬೇಕಿತ್ತು ಅನ್ನಿಸಿ ಕಣ್ಣು ಮಂಜಾಯಿತು.

ಅರ್ಧ ಮುಗಿದಿತ್ತು. ತೀರ್ಪುಗಾರರ ಗುಡಿಸಲಿನ ಮುಂದೆ ಅಂದಕ್ಕೆಂದು ಹಳದಿ ಹೂವಿನ ಕುಂಡ ಇಟ್ಟಿದ್ದರು. ಗಾಳಿಗೆ ಹೂವು ಅಲ್ಲಾಡಿತು. ಸೀನಪ್ಪ ಗಕ್ಕನೆ ನಿಂತ. ಕಾಲು ಒತ್ತಿದೆ, ಬೆನ್ನು ಒತ್ತಿದೆ; ನನ್ನ ಮೈಯೆಲ್ಲ ಮಾತಾಡಿದರೂ ಅವನು ಕಿವಿ ನಿಗುರಿಸಿ ಕುಂಡವನ್ನೇ ದಿಟ್ಟಿಸುತ್ತಿದ್ದ, ಹಿಂದಕ್ಕೂ ಸರಿಯತೊಡಗಿದ. ಗುಡಿಸಲಿನಲ್ಲಿ ಟೋಪಿ ಹಾಕಿದ್ದ ಹಿರಿಯ ತೀರ್ಪುಗಾರ್ತಿಯ ಕೈ ಗಂಟೆಯ ಕಡೆ ಹೋಗುವುದು ಕಂಡಿತು. ಆಗ ನಾನು ಬಾಯಿ ಬಿಟ್ಟೆ.

“ಏಮೀ ಲೇದುರಾ ಸೀನಪ್ಪಾ, ಊವು ಕಣ್ಲಾ ಅದು. ವಾ ರಾಜಾ, ನಡಿ.”

ಏನೂ ಇಲ್ಲ, ಬರೀ ಹೂವು, ಬಾ ಎಂದದ್ದಕ್ಕೆ ಅವನ ಒಂದು ಕಿವಿ ನನ್ನ ಕಡೆ ತಿರುಗಿತು. ಉಸ್ಸೆಂದು ಉಸಿರುಬಿಟ್ಟು ಕುಂಡದ ಪಕ್ಕದಲ್ಲೇ ಮದುಮಗನ ಹಾಗೆ ನಡೆದುಹೋದ. ತಂಡ ಉಳಿಯಿತು. ಅಲ್ಲಿಗೆ ನಾನು ನಿಲ್ಲಿಸಬಹುದಿತ್ತು. ಆದರೆ ಹೇಳಿದ ಮಾತು ಕೇಳಿದವನಿಗೆ ‘ಜಾಣ’ ಅನ್ನದೆ ಇರುವುದು ನಮ್ಮ ಮನೆಯಲ್ಲಿ ಕಲಿಸಿದ್ದಲ್ಲ. ಮುಂದಿನ ತಿರುವಿನಲ್ಲಿ ಅಂದೆ. ಅದರಾಚೆ ಓಟ ಚೆನ್ನಾಗಿ ಬಂದಾಗ ಇನ್ನೊಮ್ಮೆ ಅಂದೆ.

ನಮ್ಮ ತಂಡಕ್ಕೆ ನಾಲ್ಕನೆಯ ಸ್ಥಾನ ಬಂತು. ಮೂರನೆಯವರಿಗೂ ನಮಗೂ ಇದ್ದ ಅಂತರ ಮೂರು ಅಂಕ. ಮೇಜರ್ ಅಂಕಪಟ್ಟಿಯಲ್ಲಿ ನನ್ನ ಮಾತಿಗೆ ಕಳೆದಿದ್ದ ಆರು ಅಂಕದ ಮೇಲೆ ಬೆರಳಿಟ್ಟು, “ನೀನು ಸುಮ್ಮನಿದ್ದಿದ್ದರೆ ಗಂಟೆ ಬಾರಿಸ್ಕೊಂಡು ಮನೆಗೆ ಹೋಗ್ತಿದ್ವಿ. ಒಂದೇ ಸಲ ಮಾತಾಡಿದ್ದರೆ ಪದಕ ತಗೊಂಡು ಮನೆಗೆ ಹೋಗ್ತಿದ್ವಿ,” ಎಂದರು. ಬೈದರೋ ಹೊಗಳಿದರೋ ಇವತ್ತಿಗೂ ತಿಳಿದಿಲ್ಲ. ಅಷ್ಟರಲ್ಲಿ ಆ ತೀರ್ಪುಗಾರ್ತಿ ತಾವಾಗಿಯೇ ಬಂದು, ಕುದುರೆಗೆ ಹೇಳಿದ್ದು ಯಾವ ಭಾಷೆ ಎಂದು ನನ್ನನ್ನು ಕೇಳಿದರು. ತೆಲುಗು, ಕನ್ನಡ, ತಮಿಳು ಎಂದು ಬಿಡಿಸಿ ಹೇಳುವಷ್ಟು ಇಂಗ್ಲಿಷು ಆ ಗಳಿಗೆಯಲ್ಲಿ ಬರಲಿಲ್ಲ. “ಬಂಗಾರಪೇಟೆ,” ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ, “ನಮ್ಮ ಕುದುರೆಗೆ ಅದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ,” ಎಂದರು. ಪದಕ ಕೊರಳಿಗೆ ಬಿದ್ದಿದ್ದರೂ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಊರಿಗೆ ಬಂದರೆ ಕಾರ್ಖಾನೆಯಲ್ಲಿ ಅಪ್ಪನನ್ನು ಎಲ್ಲರೂ ಕೇಳುವುದು ಒಂದೇ: ರೇಸಿನಲ್ಲಿ ಎಷ್ಟನೆಯದು ಬಂತು? ಅಪ್ಪ ಡ್ರೆಸಾಜ್ ವಿವರಿಸುವ ಗೋಜಿಗೆ ಹೋಗಲಿಲ್ಲ. “ನನ್ ಮಗ್ಳು ಜರ್ಮನಿ ಕುದ್ರೆಗೆ ನಮ್ಮೂರ್ ಮಾತು ಕಲ್ಸಿ ಬಂದವ್ಳೆ,” ಎಂದು ಎಲ್ಲರಿಗೂ ಚಹಾ ಕೊಡಿಸಿದರು. ಅಮ್ಮನಿಗೆ ಮಾತ್ರ ಸಿಟ್ಟು. “ಮಾತಾಡ್ಸಿದ್ದಕ್ಕೆ ಮಾರ್ಕ್ಸ್ ಕಿತ್ಕೊಂಡ್ರಾ? ಮೂಕ್ ಜೀವ ಎದ್ರಿಕೊಂಡ್ರೆ ಮಾತಾಡ್ಸ್‌ದೆ ಇನ್ನೇನು ಮಾಡ್ತಾರೆ?” ಎಂದು ಅವಳು ಹಸುವಿನ ಮುಂದೆ ಕೂತು ಜರ್ಮನಿಯನ್ನು ಬಹಳ ದಿನ ಬೈದಳು.

ಈಗ ನಾನು ದನದ ಡಾಕ್ಟರು. ಮನೆಯಲ್ಲಿ ಗಂಡ ಸ್ವಲ್ಪ ಸುಮ್ಮನಿರು ಎಂದಾಗಲೆಲ್ಲ, ನನ್ನ ಮಾತಿಗೆ ಹೊರದೇಶದಲ್ಲಿ ಬೆಲೆ ಕಟ್ಟಿದ್ದಾರೆ, ಮಾತಿಗೆ ಎರಡು ಅಂಕ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಅವರು ಪೇಪರಿನಿಂದ ಕಣ್ಣೆತ್ತದೆ, “ಆ ಲೆಕ್ಕದಲ್ಲಿ ಮದುವೆಯಾದಾಗಿನಿಂದ ಎಷ್ಟು ಕಳೆದಿರಬಹುದು?” ಎಂದು ಕೇಳುತ್ತಾರೆ. ಆಗ ನಾನು ತುಟಿ ಬಿಗಿದು, ಬೆನ್ನು ನೆಟ್ಟಗೆ ಮಾಡಿ, ಎಲ್ಲೂ ಎಡವದೆ, ಮೇಜರ್ ನೋಡಿದ್ದರೆ ಪೂರ್ತಿ ಅಂಕ ಕೊಡುವಂಥ ನಡಿಗೆಯಲ್ಲಿ ಅಡುಗೆಮನೆ ಸೇರಿಕೊಳ್ಳುತ್ತೇನೆ. ಉಳಿದದ್ದನ್ನು ಹಾಲಿನ ಪಾತ್ರೆಗೆ ಹೇಳುತ್ತೇನೆ.