ಸ್ಪ್ರಿಂಗು ಬದಲಿಸಿದ ಮೇಲೆ

ನಮ್ಮ ನಾಡಿನ ಆಡಳಿತಶಾಸ್ತ್ರ ನಿಂತಿರುವುದು ಒಂದೇ ಒಂದು ಸೂತ್ರದ ಮೇಲೆ, ಮತ್ತು ಅದನ್ನು ಧಾರವಾಡದ ಯಾವ ತರಗತಿಯಲ್ಲೂ ನನಗೆ ಯಾರೂ ಕಲಿಸಲಿಲ್ಲ. ಏನು ಕೆಟ್ಟರೂ ಅದನ್ನು ಸರಿಪಡಿಸುವ ಹೊಣೆ ಕೆಡಿಸಿದವನದಲ್ಲ, ಅದನ್ನು ಅನುಭವಿಸುವವನದು. ನಲ್ಲಿಯ ನೀರು ಕೆಟ್ಟರೆ ನಾವು ಅಡುಗೆಮನೆಯ ಗೋಡೆಗೆ ಫಿಲ್ಟರ್ ತೂಗುಹಾಕುತ್ತೇವೆ. ಕರೆಂಟು ಹೋದರೆ ಮೆಟ್ಟಿಲ ಕೆಳಗೆ ಇನ್ವರ್ಟರ್ ಕೂರಿಸುತ್ತೇವೆ. ಶಾಲೆಯಲ್ಲಿ ಪಾಠ ನಡೆಯದಿದ್ದರೆ ಮಕ್ಕಳನ್ನು ಟ್ಯೂಶನ್ನಿಗೆ ಅಟ್ಟುತ್ತೇವೆ. ಹೀಗೆ ಒಂದೊಂದು ಮನೆಯೂ ಒಂದೊಂದು ಪುಟ್ಟ ಸರಕಾರವಾಗಿ ಬೆಳೆಯುತ್ತಿರುವಾಗ, ನಿಜವಾದ ಸರಕಾರಕ್ಕೆ ಉಳಿದಿರುವ ಕೆಲಸವೆಂದರೆ ಉದ್ಘಾಟನೆಗೆ ಬಂದು ಹಾರ ಹಾಕಿಸಿಕೊಳ್ಳುವುದು. ಇಂಥ ಸ್ವಾವಲಂಬನೆಯನ್ನು ನಾನು ಮೊದಲಿನಿಂದಲೂ ಹೀನವಾಗಿ ಕಾಣುತ್ತ ಬಂದವಳು. ತಪ್ಪು ಮಾಡಿದವನು ಉತ್ತರ ಕೊಡಬೇಕು, ಕೊಡುವವರೆಗೆ ಕೇಳುವವನು ಕದಲಬಾರದು ಎಂದು ಕಂಡಕಂಡ ವೇದಿಕೆಯ ಮೇಲೆ ಮುಷ್ಟಿ ಕಟ್ಟಿ ಹೇಳಿದವಳು. ಆ ನಾನೇ ನನ್ನ ಕಾರಿನ ಸಸ್ಪೆನ್ಶನ್ ಬದಲಿಸಿದೆ. ಅದು ಹೇಗಾಯಿತೆಂದು ಹೇಳುತ್ತೇನೆ.

ನಮ್ಮ ಮನೆ ಇರುವುದು ಕಬ್ಬೂರ ಊರೊಳಗಲ್ಲ, ಊರಾಚೆಯ ತೋಟದಲ್ಲಿ. ಕಬ್ಬು ಬೆಳೆಯುವ ನಮ್ಮ ಕಡೆಯ ಜನ ಹೊಲದ ನಡುವೆಯೇ ಮನೆ ಕಟ್ಟಿಕೊಂಡು, ಅದನ್ನೇ ತೋಟವೆಂದು ಕರೆದು, ಅಲ್ಲೇ ಹುಟ್ಟಿ ಅಲ್ಲೇ ಜಗಳಾಡುತ್ತಾರೆ. ಹೋದ ಮಳೆಗಾಲದ ಕೊನೆಗೆ ನಮ್ಮವ್ವ ಎಮ್ಮೆಗಳಿಗೆ ಮೇವಿನ ಸೂಡು ಎತ್ತಲು ಬಾಗಿದವಳು ಮತ್ತೆ ನೆಟ್ಟಗಾಗಲಿಲ್ಲ. ಚಿಕ್ಕೋಡಿಯ ಡಾಕ್ಟರು ಬೆನ್ನಿನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, "ಬೆನ್ನೆಲುಬಿನ ಮಣಕಿನ ನಡುವಿನ ಗಾದಿ ಸರದೈತ್ರಿ. ವಾರಾ ವಾರಾ ಬಂದು ಟ್ರೀಟ್‌ಮೆಂಟ್ ತಗೋರಿ, ಕಡಿಮಿ ಆಗತೈತಿ. ಆದ್ರ ಬೆನ್ನಿಗೆ ಧಕ್ಕಿ ಕೊಡಬ್ಯಾಡ್ರಿ. ಧಕ್ಕಿ ಕೊಟ್ರ ಆಪರೇಶನ್ನ," ಎಂದರು. ಅವ್ವ ಕಬ್ಬಿನಲ್ಲಿ ಹಾವು ಕಂಡರೆ ಸರಿದು ನಿಂತು "ಹೋಗಪ್ಪಾ, ನಿನ್ನ ದಾರಿ ನೀ ಹಿಡಿ" ಎನ್ನುವ ಗಟ್ಟಿಗಿತ್ತಿ. ಆಪರೇಶನ್ ಎಂಬ ಶಬ್ದಕ್ಕೆ ಮಾತ್ರ ಆಕೆಯ ಮುಖ ಬಿಳಿಚಿಕೊಂಡಿತು. ಆವತ್ತಿನಿಂದ ಮನೆಯಲ್ಲಿ ನಮಗಿದ್ದ ಚಿಂತೆ ಒಂದೇ. ಅವ್ವನನ್ನು ವಾರಕ್ಕೊಮ್ಮೆ ಧಕ್ಕೆ ತಗಲದಂತೆ ಚಿಕ್ಕೋಡಿಗೆ ಮುಟ್ಟಿಸಬೇಕು, ಮತ್ತು ಧಕ್ಕೆ ತಗಲದಂತೆ ತಿರುಗಿ ತರಬೇಕು.

ಇದು ಅಸಾಧ್ಯವಾದ ಕೆಲಸವೆಂಬುದು ನಮ್ಮ ರಸ್ತೆಯನ್ನು ಬಲ್ಲವರಿಗೆ ತಿಳಿಯುತ್ತದೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ತಮ್ಮ ಯೋಗ್ಯತೆಗೆ ಮೀರಿದ ಹೊರೆ ಹೊತ್ತು, ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡು ಅದನ್ನು ತುಳಿಯುತ್ತವೆ. ಅದಾದರೂ ಋತುಮಾನದ ಪಿಡುಗು. ಬಾರಾಮಾಸಿ ಪಿಡುಗು ಬೇರೆ ಇದೆ, ಅದರ ಹೆಸರು ದಿಬ್ಬ. ರಸ್ತೆಯ ಈ ಮಗ್ಗುಲಲ್ಲಿ ಬೋರು, ಆ ಮಗ್ಗುಲಲ್ಲಿ ಹೊಲ ಇದ್ದವನು ಒಂದು ಒಳ್ಳೆಯ ದಿನ ಹಗಲು ಹೊತ್ತಿನಲ್ಲೇ ಗುದ್ದಲಿ ತಂದು ಡಾಂಬರನ್ನು ಅಡ್ಡಲಾಗಿ ಸೀಳಿ, ಪೈಪು ಹಾಯಿಸಿ, ಮೇಲೆ ಎರೆಮಣ್ಣು ಒಟ್ಟಿ ಕೈ ತೊಳೆದುಕೊಳ್ಳುತ್ತಾನೆ. ಮಣ್ಣು ಮುಂದೆ ಕುಸಿಯುತ್ತದೆಂಬ ದೂರದೃಷ್ಟಿಯಿಂದ ಒಂದಿಷ್ಟು ಹೆಚ್ಚೇ ಒಟ್ಟುತ್ತಾನೆ. ಕುಸಿಯತೊಡಗಿದರೆ ಎಲ್ಲಿ ಪೈಪು ಒಡೆಯುತ್ತದೋ ಎಂದು ಹೆದರಿ ಮೇಲೆ ಕಲ್ಲು ಹೇರುತ್ತಾನೆ. ಹೀಗೆ ಹುಟ್ಟಿದ ಪ್ರತಿ ದಿಬ್ಬಕ್ಕೂ ಒಬ್ಬ ಯಜಮಾನನಿದ್ದಾನೆ, ಅವನ ಹೆಸರೇ ದಿಬ್ಬಕ್ಕೂ ಹೆಸರು. ಬೀಗರಿಗೆ ದಾರಿ ಹೇಳುವಾಗ ನಾವು "ಬಾಳು ಕಾಕಾನ ದಿಬ್ಬ ದಾಟಿಂದ ಎಡಕ್ಕ ಹೊಳ್ರಿ" ಎನ್ನುತ್ತೇವೆ. ಬೇರೆಡೆ ಜನರಿಗೆ ತಮ್ಮ ಹೆಸರಿನ ರಸ್ತೆ ಸಿಗಬೇಕಾದರೆ ಸಾಯಬೇಕಾಗುತ್ತದೆ. ನಮ್ಮಲ್ಲಿ ಒಂದು ಗುದ್ದಲಿ ಸಾಕು.

ಅಪ್ಪನ ದಾಯಾದಿಯಾದ ಈ ಬಾಳು ಕಾಕಾನನ್ನೇ ನಾನು ಮೊದಲು ತಡವಿದ್ದು. "ಏನ್ ಕಾಕಾ, ಸರಕಾರಿ ರಸ್ತಾ ಹಡ್ಡೀರಲ್ಲ?" ಎಂದೆ. ಕಾಕಾ ಕಟ್ಟೆಯ ಮೇಲೆ ಕೂತು ತಂಬಾಕಿಗೆ ಸುಣ್ಣ ತೀಡುತ್ತಿದ್ದ. "ಮತ್ತ ನೀರು ಹಾರಿ ಬರತೈತೇನವಾ?" ಎಂದ. "ಅವ್ವನ ಬೆನ್ನ ನೋಡ್ರಿ ಕಾಕಾ," ಎಂದೆ. "ನಿಮ್ಮವ್ವಗ, ನಮ್ಮ ವೈನಿಗೆ ಹೇಳು, ದಿಬ್ಬ ಬಂದಾಗ ಜರಾ ಎದ್ದು ಕುಂದ್ರು ಅಂತ. ಮಣ್ಣು ತಾನ ಕುಂದರತೈತಿ, ತಡಿ." ಅವನ ಮಾತಿನಲ್ಲಿ ಕೇಡಿರಲಿಲ್ಲ. ಕೇಡಿಲ್ಲದ ಬೇಜವಾಬ್ದಾರಿಯ ಎದುರು ನನ್ನ ಎಂ.ಎ. ಪದವಿ ಹೇಗೆ ಸೋಲುತ್ತದೆಂಬುದನ್ನು ನಾನು ಆ ಕಟ್ಟೆಯ ಮುಂದೆ ಕಲಿತೆ.

ಇನ್ನು ಕಾರಿನ ವಿಷಯ. ಅದು ಕರೆಂಟಿನ ಕಾರು, ಅದಕ್ಕೂ ಹಿಂದಿನ ವರ್ಷ ನಾನೇ ಹಟ ಹಿಡಿದು ಅಪ್ಪನಿಂದ ಕೊಡಿಸಿದ್ದು. ಹೊಗೆಯಿಲ್ಲದ ಭವಿಷ್ಯದ ಬಗ್ಗೆ ಊಟದ ತಾಟಿನ ಮುಂದೆ ನಾನು ಮಾಡಿದ ಭಾಷಣಗಳಿಗೆ ಬೇಸತ್ತು ಅಪ್ಪ ಒಪ್ಪಿದರು. ಮಾರುವವರು ನಮ್ಮನ್ನು ಕೊಗನೊಳ್ಳಿ ಕಡೆಯ ಹೆದ್ದಾರಿಯ ಮೇಲೆ ಓಡಿಸಿ ತೋರಿಸಿದರು. ಆ ಹೆದ್ದಾರಿಯ ಮೇಲೆ ಎತ್ತಿನ ಚಕ್ಕಡಿಯೂ ವಿಮಾನವೇ ಎಂಬುದು ನನಗಾಗ ಹೊಳೆಯಲಿಲ್ಲ. ಹೊಟ್ಟೆಯಡಿ ಬ್ಯಾಟರಿಯ ಭಾರ ಹೊತ್ತ ಆ ಗಾಡಿಗೆ ಬಿಗಿಯಾದ ಸ್ಪ್ರಿಂಗು ಬೇಕಂತೆ. ಬಿಗಿಯಾದ ಸ್ಪ್ರಿಂಗು ನಮ್ಮ ರಸ್ತೆಯ ಪ್ರತಿಯೊಂದು ಅಕ್ಷರವನ್ನೂ ಒತ್ತಿ ಒತ್ತಿ ಓದಿತು. ಮೇಲಾಗಿ ಅದಕ್ಕೆ ಸದ್ದಿಲ್ಲ. ಹಳೆಯ ಡೀಸೆಲ್ ಜೀಪಿನ ಗದ್ದಲದಲ್ಲಿ ಮನುಷ್ಯರ ನರಳಾಟ ಮುಚ್ಚಿಹೋಗುತ್ತಿತ್ತು. ಈ ಕಾರಿನ ಸುಸಂಸ್ಕೃತ ಮೌನದಲ್ಲಿ ಅವ್ವನ "ಅಯ್ಯಯ್ಯೋ" ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿತ್ತು. ಅವ್ವ ಹಿಂದಿನ ಸೀಟಿನಲ್ಲಿ ಎರಡೂ ಕೈ ಊರಿ ತನ್ನನ್ನು ತಾನೇ ಎತ್ತಿ ಹಿಡಿದುಕೊಂಡು, ಪ್ರತಿ ದಿಬ್ಬಕ್ಕೂ ಅದರ ಯಜಮಾನನ ವಂಶವನ್ನು ಮೂಲಪುರುಷನಿಂದ ಹಿಡಿದು ಸ್ಮರಿಸುತ್ತಿದ್ದಳು. ಡಾಕ್ಟರು ಹಚ್ಚಿದ ಗುಣ ವಾಪಸು ಮನೆಗೆ ಬರುವಷ್ಟರಲ್ಲಿ ದಾರಿಯಲ್ಲೇ ಉದುರಿಹೋಗುತ್ತಿತ್ತು.

ಆಗ ನಾನು ರಸ್ತೆಯ ಕಚೇರಿ ಹತ್ತಿದೆ. ಪ್ರತಿ ಸೋಮವಾರ ಹೋಗುವುದು, ಉತ್ತರ ಸಿಗುವವರೆಗೆ ಬೆಂಚಿನಿಂದ ಏಳದಿರುವುದು ಎಂದು ವ್ರತ ಹಿಡಿದೆ. ಅಲ್ಲಿಯ ಸಾಹೇಬರು ನಯವಿನಯದ ಮನುಷ್ಯ. ಚಹಾ ಕುಡಿಸದೆ ಯಾರನ್ನೂ ನಿರಾಶೆಗೊಳಿಸಿದವರಲ್ಲ.

"ರಸ್ತೆ ನಮ್ಮದ ಐತ್ರಿ ಮೇಡಂ, ನಾ ಇಲ್ಲ ಅನ್ನಂಗಿಲ್ಲ. ದಿಬ್ಬ ನಮ್ಮದಲ್ಲ," ಎಂದರು.

"ದಿಬ್ಬ ರಸ್ತೆ ಮ್ಯಾಲ ಐತಲ್ರಿ ಸರ್?"

"ರಸ್ತೆ ಮ್ಯಾಲ ಎಮ್ಮಿನೂ ನಿಂದರತಾವ್ರಿ. ಅವೂ ನಮ್ಮವ ಏನ್ರಿ?"

ಪಂಚಾಯಿತಿಗೆ ಹೋದರೆ ಅಲ್ಲಿಯ ಮೆಂಬರು ಇದೇ ನಾಣ್ಯದ ಇನ್ನೊಂದು ಮಗ್ಗುಲು ತೋರಿಸಿದರು. "ದಿಬ್ಬ ನಮ್ಮ ಮಂದೀದ ಐತಿ, ಖರೆ. ಆದ್ರ ರಸ್ತೆ ನಮ್ಮದಲ್ಲವಾ." ಹೀಗೆ ರಸ್ತೆಯಿದ್ದವರಿಗೆ ದಿಬ್ಬವಿಲ್ಲದೆ, ದಿಬ್ಬವಿದ್ದವರಿಗೆ ರಸ್ತೆಯಿಲ್ಲದೆ, ಎರಡೂ ಇದ್ದದ್ದು ನಮ್ಮವ್ವನ ಬೆನ್ನಿಗೆ ಮಾತ್ರ. ನಾನು ಬಿಡಲಿಲ್ಲ. ಸೋಮವಾರ ಬಂತೆಂದರೆ ಅವ್ವ ಹಾಸಿಗೆಯಿಂದಲೇ "ಹೋಗಿ ಬಾರವಾ, ಬಿಡಬ್ಯಾಡ ಅವನ" ಎಂದು ಹುರಿದುಂಬಿಸುವಳು. ಕಚೇರಿಯ ಮೆಟ್ಟಿಲು ಹತ್ತುವಾಗ ಸಾಹೇಬರ ಮುಖದಲ್ಲಿ ಒಂದು ಸಣ್ಣ ಸಂಕಟ ಸುಳಿಯತೊಡಗಿದ್ದನ್ನು ನಾನು ನೋಡಿದೆ, ನೋಡಿ ಸುಖಪಟ್ಟೆ. ಇನ್ನೊಂದಿಷ್ಟು ವಾರ ಒತ್ತಿದರೆ ಈ ಮನುಷ್ಯ ಏನಾದರೂ ಮಾಡಿಯೇ ತೀರುತ್ತಾನೆ ಅನ್ನಿಸಿತು. ಅಷ್ಟರಲ್ಲಿ ಅವರು ತಮ್ಮ ಬ್ರಹ್ಮಾಸ್ತ್ರ ತೆಗೆದರು.

"ಗಾಡಿ ಯಾವುದೈತ್ರಿ ನಿಮ್ಮದು?"

"ಕರೆಂಟಿಂದು."

"ಅದಕ್ಕ ಮತ್ತ! ಅವು ಬಾಳ ಬಿರುಸ ಇರತಾವ್ರಿ. ನಿಪ್ಪಾಣಿಗೆ ಒಯ್ದು ಸಸ್ಪೆನ್ಶನ್ ಬದಲಿ ಮಾಡಸ್ರಿ. ನನ್ನ ಜೀಪಿಗೂ ಮಾಡಸೀನ್ರಿ. ಈಗ ನಿಮ್ಮ ರಸ್ತಾದಾಗ ಬಂದ್ರ ನನಗ ಗೊತ್ತ ಆಗಾಂಗಿಲ್ಲ ನೋಡ್ರಿ!"

ರಸ್ತೆಯನ್ನು ನೋಡಿಕೊಳ್ಳಲು ಸಂಬಳ ಪಡೆಯುವ ಮನುಷ್ಯ, ರಸ್ತೆ ತನಗೆ ಗೊತ್ತೇ ಆಗದಂತೆ ತನ್ನ ಜೀಪನ್ನು ಸಜ್ಜುಗೊಳಿಸಿಕೊಂಡಿದ್ದ, ಮತ್ತು ಆ ಸಂಗತಿಯನ್ನು ಪದಕದಂತೆ ಎದೆಗೆ ಚುಚ್ಚಿಕೊಂಡಿದ್ದ. ನಾನು ಕೂಗಾಡಿ ಹೊರಬಿದ್ದೆ. ಆದರೆ ಆ ವಾರ ಡಾಕ್ಟರು ಅವ್ವನ ಬೆನ್ನನ್ನು ಒತ್ತಿ ನೋಡಿ, "ಹಿಂಗ ಆದ್ರ ಕೊಯ್ಯೂದ ಬರತೈತಿ ನೋಡ್ರಿ" ಎಂದುಬಿಟ್ಟರು. ವಾಪಸು ಬರುವಾಗ ಅವ್ವ ಯಾರ ವಂಶವನ್ನೂ ಬಯ್ಯಲಿಲ್ಲ, ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದಳು. ಅದನ್ನು ನನ್ನಿಂದ ತಾಳಲಾಗಲಿಲ್ಲ. ಮಾರನೆಯ ದಿನವೇ ಕಾರು ನಿಪ್ಪಾಣಿಗೆ ಹೋಯಿತು.

ನಿಪ್ಪಾಣಿಯ ಗ್ಯಾರೇಜಿನ ಮಾಲಕ ಮಾತಿನ ಮಲ್ಲ. ಕಾರಿನ ಒಂದು ಮೂಲೆಯನ್ನು ಅಂಗೈಯಿಂದ ಅಮುಕಿ, ನಾಡಿ ಹಿಡಿದ ವೈದ್ಯನಂತೆ ಕಣ್ಣು ಮುಚ್ಚಿ, "ಕಲ್ಲ ಐತ್ರಿ ಅಕ್ಕಾರ, ಶುದ್ಧ ಕಲ್ಲ. ಸ್ಪ್ರಿಂಗು, ಶಾಕಪ್, ಬುಶ್, ಎಲ್ಲಾ ಸಗಳೇ ಬದಲಿ ಮಾಡೂನು. ಏಕದಮ್ ಲೋಣಿ ಆಗತೈತಿ," ಎಂದ. ಬೆಣ್ಣೆಯನ್ನು ಮರಾಠಿಯಲ್ಲಿ ಹೇಳಿದರೆ ಇನ್ನಷ್ಟು ಮೆತ್ತಗಾಗುತ್ತದೆಂಬ ನಂಬಿಕೆ ಆ ಊರಿನದು. "ಕಾಗವಾಡ, ಅಥಣಿ ಕಡೆ ದ್ರಾಕ್ಷಿಯವರು ಟೆಂಪೋ ತಂದು ನನ್ನ ಕಡೆನ ಮಾಡಸತಾರ್ರಿ. ಪೇಟಿಗೆ ಹೋಗೂತನಕಾ ಒಂದ ಕಾಳ ಉದರಾಂಗಿಲ್ಲ!" ದ್ರಾಕ್ಷಿಗೆ ಸಿಕ್ಕ ಮರ್ಯಾದೆ ಮನುಷ್ಯರ ಬೆನ್ನುಮೂಳೆಗೆ ಸಿಗಬೇಕಾದರೆ ಅದೂ ಗೊಂಚಲಾಗಿ ಬಳ್ಳಿಯಲ್ಲಿ ತೂಗಬೇಕಿತ್ತೇನೋ ಎಂದು ನಾನು ಕಟುವಾಗಿ ನುಡಿದೆ. ಅವನು "ಹೌದ್ರಿ ಹೌದ್ರಿ" ಎಂದು ಜಾಕ್ ಏರಿಸಿದ.

ಲೋಣಿಯೇ ಆಯಿತು, ಸುಳ್ಳೇಕೆ ಹೇಳಲಿ. ಮುಂದಿನ ವಾರ ಕಾರು ದಿಬ್ಬಗಳ ಮೇಲೆ ತೊಟ್ಟಿಲಿನಂತೆ ಏರಿ ಇಳಿಯಿತು. ಚಿಕ್ಕೋಡಿ ಮುಟ್ಟಿದ ಮೇಲೆ ಹಿಂದೆ ತಿರುಗಿ ನೋಡಿದರೆ ಅವ್ವ ಬಾಯಿ ತೆರೆದು ನಿದ್ದೆಹೋಗಿದ್ದಳು. ಕೆಲವು ವಾರಗಳಲ್ಲಿ ಆಕೆ ಗೋಡೆ ಹಿಡಿಯದೆ ನಡೆದಳು, ಆಮೇಲೆ ನಡುವಿನ ಮೇಲೆ ಕೈಯಿಟ್ಟುಕೊಂಡು ಕೊಟ್ಟಿಗೆಯವರೆಗೆ ಹೋಗಿ ಎಮ್ಮೆಗಳನ್ನು ಮಾತಾಡಿಸಿ ಬಂದಳು. ಡಾಕ್ಟರು ಆಪರೇಶನ್ನಿನ ಮಾತೆತ್ತುವುದನ್ನು ಬಿಟ್ಟರು. ನಮ್ಮ ಕಾರಿನ ಕೀರ್ತಿ ಅಂಕಲಿಯವರೆಗೆ ಹಬ್ಬಿ, ಮದುವೆಗೆ ಜರಿ ಸೀರೆ ಎರವಲು ಕೇಳುವಂತೆ ಬಸುರಿಯರ ಮನೆಯವರು ಅದನ್ನು ಕೇಳಿಕೊಂಡು ಬರತೊಡಗಿದರು. ಬಾಳು ಕಾಕಾ ಮಾತ್ರ ಅದರಿಂದ ತನ್ನದೇ ಪಾಠ ಕಲಿತ. ಕಾರು ತನ್ನ ದಿಬ್ಬವನ್ನು ಸದ್ದಿಲ್ಲದೆ ದಾಟುವುದನ್ನು ಕಟ್ಟೆಯಿಂದ ನೋಡಿ ನೋಡಿ, ಒಂದು ಬೆಳಿಗ್ಗೆ ಅದರ ಪಕ್ಕದಲ್ಲೇ ಇನ್ನೊಂದು ಪೈಪು ಹಾಯಿಸಿದ. ಕೇಳಿದ್ದಕ್ಕೆ, "ನಿಮಗ ಧಕ್ಕಿ ಹತ್ತಂಗಿಲ್ಲಲ್ಲವಾ! ನಾ ಬಗಲಾಗ ನಿಂತ ನೋಡೀನಿ, ಗಾಡಿ ಹಂಸದಂಗ ಹೋಗತೈತಿ," ಎಂದ. ನಾನು ನಕ್ಕುಬಿಟ್ಟೆ. ಅದೇ ನಾನು, ಅದೇ ಕಾಕಾ, ದಿಬ್ಬ ಮಾತ್ರ ಒಂದು ಹೆಚ್ಚು. ಆದರೂ ನಕ್ಕೆ.

ಬೇಸಿಗೆಯಲ್ಲಿ ನಮ್ಮ ತೋಟದ ಟಿ.ಸಿ. ಸುಟ್ಟಿತು. ಟ್ರಾನ್ಸ್‌ಫಾರ್ಮರನ್ನು ಟಿ.ಸಿ. ಎನ್ನುವ ನಾವು, ಅದು ಸುಡುವುದನ್ನು ನೆಗಡಿಯಷ್ಟು ಸಹಜವೆಂದು ತಿಳಿದವರು. ಕರೆಂಟಿಲ್ಲದೆ ಕಾರು ಅಂಗಳದಲ್ಲಿ ಅಲಂಕಾರಕ್ಕೆ ನಿಂತಿತು. ವಾರ ತಪ್ಪಿಸಬಾರದೆಂದು, ಬೇಡವೆಂದರೂ ಕೇಳದೆ, ಅವ್ವ ಅಪ್ಪನ ಜೊತೆ ಟಂಟಂ ಹತ್ತಿ ಹೋದಳು. ಮೂರು ಗಾಲಿಯ ಮೇಲೆ ಮೂವತ್ತು ಊರಿನ ಜನ ಹೇರುವ ಆ ವಾಹನಕ್ಕೆ ಸಸ್ಪೆನ್ಶನ್ನೆಂದರೆ ಪ್ರಯಾಣಿಕರ ಪುಣ್ಯ. ಕಾಕಾನ ಹಳೆಯ ದಿಬ್ಬಕ್ಕೆ ಅವ್ವ ಹಾರಿದಳು, ಹೊಸ ದಿಬ್ಬಕ್ಕೆ ಬಿದ್ದಳು. ಮಧ್ಯಾಹ್ನ ಆಕೆಯನ್ನು ನಾಲ್ವರು ಹಿಡಿದು ಇಳಿಸಿದರು. ಡಾಕ್ಟರು ಮತ್ತೆ ಮೊದಲಿನಿಂದ ಶುರುಮಾಡಬೇಕೆಂದು, ಈ ಸಲ ಮಾತು ಕೊಡಲಾರೆನೆಂದು ಹೇಳಿ ಕಳಿಸಿದ್ದರು.

ಅವ್ವ ಚಾಪೆಯ ಮೇಲೆ ಮಲಗಿ, ಸೂರು ನೋಡುತ್ತ ಕೇಳಿದಳು: "ಆ ಸಾಹೇಬ ಏನಂದನವಾ ಕಡೀಕ?"

"ಯಾವ ಸಾಹೇಬ?" ಎಂದೆ ನಾನು.

ಕೇಳಿ ಮುಗಿಸುವ ಮೊದಲೇ ನನಗೆ ನಾಚಿಕೆಯಾಯಿತು. ಸ್ಪ್ರಿಂಗು ಬದಲಿಸಿದ ಮೇಲೆ ಒಂದೇ ಒಂದು ಸೋಮವಾರವೂ ನಾನು ಆ ಬೆಂಚಿನ ಮೇಲೆ ಕೂತಿರಲಿಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ, ಹೆದರಿಸಿರಲಿಲ್ಲ, ಕೊಂಡಿರಲಿಲ್ಲ. ಹೋಗಬೇಕೆಂದು ನೆನಪಾಗಿರಲಿಲ್ಲ, ಅಷ್ಟೇ. ಅವ್ವ ನನ್ನ ಮುಖ ನೋಡಿದಳು. "ಹೋಗ್ಲಿ ಬಿಡು. ನಾನೂ ಕೇಳಲಿಲ್ಲಲ್ಲ. ನಿನ್ನ ಗಾಡ್ಯಾಗ ಕುಂತ್ರ ನನಗೂ ಸಿಟ್ಟ ಬರಾಂಗಿಲ್ಲ, ನಿದ್ದಿ ಬರತೈತಿ," ಎಂದಳು. ಆಮೇಲೆ ಹಲ್ಲು ಕಚ್ಚಿ ಮಗ್ಗಲು ಬದಲಿಸಿ, "ಟಿ.ಸಿ. ಬಂದ್ರೂ ಸೋಮವಾರ ನೀ ಗಾಡಿ ಒಯ್ಯಬ್ಯಾಡ. ಟಂಟಂದಾಗ ಹೋಗು. ಬೆನ್ನ ನೋಯಿಸ್ಕೊಂಡು ಹೋದ್ರನ ಬಾಯಾಗ ಮಾತ ಹುಟ್ಟತಾವ," ಎಂದಳು.

ಸೋಮವಾರ ಹೋದೆ. ಸಾಹೇಬರಿಗೆ ಆಡಬೇಕಾದ ಮಾತುಗಳನ್ನು ಹಿಂದಿನ ದಿನವೇ ಹದಮಾಡಿ ಇಟ್ಟುಕೊಂಡಿದ್ದೆ. ಟಂಟಂನ ಹಿಂದಿನ ಹಲಗೆಯ ಮೇಲೆ, ಹಾಲಿನ ಕ್ಯಾನು ಹಿಡಿದ ಇಬ್ಬರು ಹೆಂಗಸರ ನಡುವೆ ಕೂತೆ. ನ್ಯಾಯದ ಕೋಪ ಹೊಟ್ಟೆಯಲ್ಲಿ ಹದವಾಗಿ ಕಾಯುತ್ತಿತ್ತು. ಕಾಕಾನ ದಿಬ್ಬ ಬಂತು. ತಲೆ ಮೇಲಿನ ಸರಳಿಗೆ ಬಡಿಯಿತು, ಬೆನ್ನು ಹಲಗೆಗೆ ಅಪ್ಪಳಿಸಿತು, ಕಣ್ಣ ಮುಂದೆ ಕಬ್ಬಿನ ಹೊಲವೆಲ್ಲ ಬೆಳ್ಳಗಾಯಿತು. ನೋವಿನ ಆ ಕ್ಷಣದಲ್ಲಿ ಮನುಷ್ಯನ ಬಾಯಿಂದ ಅವನ ನಿಜವಾದ ನಂಬಿಕೆ ಹೊರಬರುತ್ತದೆನ್ನುತ್ತಾರೆ. ನಾನು ಮುಂದಕ್ಕೆ ಬಾಗಿ ಚಾಲಕನ ಹೆಗಲು ತಟ್ಟಿ ಗದರಿದೆ:

"ಏನಪಾ, ನಿಪ್ಪಾಣಿಗೆ ಒಯ್ದು ಇದರ ಸ್ಪ್ರಿಂಗ ಬದಲಿ ಮಾಡಸಬಾರದೇನು?"

ಚಾಲಕ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ಗೌರವದಿಂದ ನೋಡಿದ.

"ಅಕ್ಕಾರ, ನೀವು ರಸ್ತೆ ಆಫೀಸಿನ್ಯಾಗ ನೌಕರಿ ಮಾಡ್ತೀರೇನ್ರಿ?"