ಮೂರು ಕಾರು, ಒಂದು ಬಾರುಕೋಲು

"ಕಾರು ಕೊಳ್ಳೋದು ಎತ್ತು ಕೊಂಡಂಗಲ್ಲ ಕಣವ್ವಾ! ಎತ್ತಾದ್ರೆ ಬಾಯಿ ಬುಡಿಸಿ ಹಲ್ಲು ನೋಡ್ಬೋದು. ಕಾರಿಗೆ ಹಲ್ಲೆಲ್ಲೈತೆ? ಅದ್ರ ಮನಸ್ಸು ನೋಡ್ಬೇಕು! ಅದು ಈ ತಾಲ್ಲೂಕಲ್ಲಿ ನನ್ನೊಬ್ಬನಿಗೇ ಗೊತ್ತು!"

ಹೊಳೆನರಸೀಪುರದ ಗುಂಡಯ್ಯನವರು ಹೀಗೆ ಸಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ದಿಗ್ವಿಜಯಕ್ಕೆ ಹೊರಟವರಂತೆ ಬಸ್ ಸ್ಟ್ಯಾಂಡಿಗೆ ಹೊರಟರು. ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮಗಳು ಧನುಶ್ರೀ ಹಾಸನದಲ್ಲಿ ನರ್ಸು. ಹೊಸದಾಗಿ ಲೈಸೆನ್ಸ್ ಸಿಕ್ಕಿತ್ತು. ದಂಡಿಗನಹಳ್ಳಿಯ ನಟರಾಜು ಮೇಷ್ಟ್ರು ಮಾರಲಿಟ್ಟಿದ್ದ ಹಳೆಯ ಕಾರಿನ ಫೋಟೊ ನೋಡಿ ಮೆಚ್ಚಿ, ಒಬ್ಬಳೇ ಹೋಗಿ ತರುವವಳಿದ್ದಳು. ಮೂರು ಕಾರು ಆಳಿದ ಮಹಾಪುರುಷ ಮನೆಯಲ್ಲಿರುವಾಗ ಅದು ಸಾಧ್ಯವೇ? ಅಪ್ಪ ಹೊರಟರು. ಅಪ್ಪ ಹೊರಟರೆಂಬ ಭಯಕ್ಕೆ ಅಮ್ಮ ಲಕ್ಷ್ಮಿದೇವಮ್ಮನೂ ಹೊರಟರು.

ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ತಡ, ಗುಂಡಯ್ಯನವರ ಕಾರು ಪುರಾಣ ಶುರುವಾಯಿತು.

"ಮೊದಲ್ನೇದು ಬಿಳೀ ಕಾರು. ಆನೆ ಕಣವ್ವಾ, ಆನೆ!"

"ಊ ಕಣಪ್ಪಾ, ಆನೆ ತರಾನೇ ನಡುರಸ್ತೇಲಿ ನಿಂತ್ಕತ್ತಿತ್ತು," ಎಂದರು ಲಕ್ಷ್ಮಿದೇವಮ್ಮ. "ಅರಕಲಗೂಡಲ್ಲಿ ನಮ್ಮಣ್ಣನ ಮನೆ ಬೀಗರೂಟ. ಊರು ಇನ್ನೆರಡು ಮೈಲಿ ಐತೆ ಅನ್ನಂಗೆ ಬುಸ್ ಅಂತ ಒಗೆ ಬಿಡ್ತು. ಉಂಡು ವಾಪಸ್ ಬತ್ತಿದ್ದೋರೇ ಇಳಿದು ತಳ್ಳುದ್ರು. ನಾವು ಓಗೋ ಒತ್ಗೆ ಮೂಳೆನೂ ಇರ್ಲಿಲ್ಲ! ದರಿದ್ರದ ಗಾಡಿ!"

"ಅದನ್ನ ಬೈಬ್ಯಾಡ ಕಣೆ! ಹ್ಯಾಂಡ್ ಬ್ರೇಕ್ ಇಳಿಸೋದು ಮರ್ತಿದ್ದೆ. ಅಂಗಿದ್ರೂ ಅಲ್ಲೀಗಂಟ ಎಳೀತಲ್ಲಾ, ಅದರ ತಾಕತ್ತು ನೋಡು!"

ಧನುಶ್ರೀ ಕಿಟಕಿಯಾಚೆ ಮುಖ ತಿರುಗಿಸಿ ತುಟಿ ಕಚ್ಚಿಕೊಂಡಳು.

"ಎರಡ್ನೇದು ಕೆಂಪು ಕಾರು. ಏನು ವಿನಯ ಅದಕ್ಕೆ!"

"ವಿನಯಾನಾ? ಓಗಿ ಗದ್ದೆಗೆ ಅಡ್ಡಬಿತ್ತಲ್ಲಾ!"

"ಎದುರಿಗೆ ನಮ್ಮ ಸಾಹೇಬ್ರು ಬಂದ್ರು. ಒಂದೇ ಕೈಲಿ ನಮಸ್ಕಾರ ಮಾಡಿದ್ರೆ ಮರ್ಯಾದೆನಾ? ಎರಡೂ ಕೈ ಮುಗಿದೆ."

"ಆ ಗದ್ದೆಯೋನು ಕಾಂತರಾಜು ಎತ್ತು ಕಟ್ಟಿ ಎಳೆಸ್ದ. ಕಾರು ನಮ್ದು, ಬಾರುಕೋಲು ಕಾಂತರಾಜುಂದು. ಅದೇ ಕಣವ್ವಾ ನಿಮ್ಮಪ್ಪನ ಕಾರುಬಾರು!"

ಮುಂದಿನ ಸೀಟಿನವರು ಕತ್ತು ತಿರುಗಿಸಿ ಕೂತರು. ಕಂಡಕ್ಟರ್ ಟಿಕೆಟ್ ಕೊಡುವುದನ್ನೂ ಮರೆತು ನಿಂತ. ಮೂರನೆಯದು ಡೀಸೆಲ್ ಕಾರು. ಯುಗಾದಿಯ ದಿನ ಗುಂಡಯ್ಯನವರು ಅದಕ್ಕೆ ಟ್ಯಾಂಕು ತುಂಬ ಪೆಟ್ರೋಲ್ ಹಾಕಿಸಿದ್ದರು.

"ದುಬಾರಿ ಮಾಲು ಕಣವ್ವಾ! ಅಬ್ಬದ ದಿನ ನಾವು ಒಬ್ಬಟ್ಟು ತಿಂತೀವಿ, ಅದೂ ಒಂದಿನ ಚೆನ್ನಾಗಿ ತಿನ್ಲಿ ಅಂತ!"

"ತಿನ್ನೋ ಯೋಗ ಬೇಕಲ್ಲ ಆ ಮುಂಡೇದಕ್ಕೆ! ತಿಂದಿದ್ದೇ ಇಂಜಿನ್ ಕೆಟ್ಟು ಮಲಿಕ್ಕಂತು! ಮೂರೂ ಅಂಗೇ, ಕೆಟ್ಟ ಗಳಿಗೇಲಿ ಉಟ್ಟಿದ್ವು!" ಎಂದು ಲಕ್ಷ್ಮಿದೇವಮ್ಮ ಲಟಿಕೆ ಮುರಿದರು.

ದಂಡಿಗನಹಳ್ಳಿಯಲ್ಲಿ ನಟರಾಜು ಮೇಷ್ಟ್ರು ಕಾರು ತೊಳೆದು, ಒರೆಸಿ, ಕುಂಕುಮವಿಟ್ಟು, ಹೆಣ್ಣು ತೋರಿಸುವಂತೆ ಅಂಗಳದಲ್ಲಿ ನಿಲ್ಲಿಸಿದ್ದರು. ನೀಲಿ ಬಣ್ಣ. ಧನುಶ್ರೀಯ ಕಣ್ಣು ಅರಳಿತು. ಗುಂಡಯ್ಯನವರು ಟೈರಿಗೆ ಒದ್ದು, ಬಾನೆಟ್ಟಿಗೆ ಕಿವಿಗೊಟ್ಟು, "ಓಡಿಸಿ ನೋಡ್ಬೇಕು," ಎಂದು ಗಂಭೀರವಾಗಿ ನುಡಿದರು.

"ಅಪ್ಪಾ, ನಾನೇ ಓಡಿಸ್ಲಾ?"

"ನಿನ್ನೆ ಮೊನ್ನೆ ಲೈಸೆನ್ಸ್ ತಗಂಡೋಳು! ಇಂದ್ಲ ಸೀಟಲ್ಲಿ ಕೂತ್ಕಂಡು ಕಲಿ!"

ತಾಯಿ ಮಗಳು ಹಿಂದೆ ಕೂತರು, ಗುಂಡಯ್ಯನವರು ಸ್ಟೀರಿಂಗ್ ಹಿಡಿದರು. ಮೇಷ್ಟ್ರು ಕಿಟಕಿಗೆ ಬಾಗಿದರು. "ಸಾ, ಇದು ಆಟೋಮ್ಯಾಟಿಕ್ಕು. ಕ್ಲಚ್ಚಿಲ್ಲ. ಎಡಗಾಲು ಸುಮ್ನೆ ಮಡಿಕ್ಕಳಿ."

"ಮೇಷ್ಟ್ರೇ, ಮೂವತ್ತು ವರ್ಸ ಕ್ಲಚ್ ತುಳಿದ ಕಾಲು ಇದು! ಇದಕ್ಕೇ ಪಾಠ ಏಳ್ತೀರಾ?"

ಕಾರು ಸರಾಗವಾಗಿ ಹತ್ತು ಮಾರು ಸಾಗಿತು. ಗುಂಡಯ್ಯನವರು ಮೀಸೆಯಲ್ಲೇ ನಕ್ಕರು. ಅಷ್ಟರಲ್ಲಿ ಮೂವತ್ತು ವರ್ಷದ ಎಡಗಾಲಿಗೆ ತನ್ನ ಕರ್ತವ್ಯ ನೆನಪಾಯಿತು. ಗೇರು ಬದಲಿಸಬೇಕೆಂದು ಅದು ಗಬಕ್ಕನೆ ಒತ್ತಿತು. ಕಾರು ಗಕ್ಕನೆ ನಿಂತಿತು! ಲಕ್ಷ್ಮಿದೇವಮ್ಮನ ಹಣೆ ಮುಂದಿನ ಸೀಟಿಗೆ ಟಣ್ಣೆಂದಿತು.

"ಕ್ಲಚ್ಚು ಸ್ವಲ್ಪ ಬಿಗಿ ಐತೆ," ಎಂದರು ಗುಂಡಯ್ಯ.

"ಅಪ್ಪಾ, ಅದು ಬ್ರೇಕು!"

"ಆಂ?" ಎಡಗಾಲು ಗಾಬರಿಯಾಗಿ ಮೇಲೆದ್ದಿತು. ಅದಕ್ಕಿಂತ ಗಾಬರಿಯಾದ ಬಲಗಾಲು ಆಕ್ಸಿಲರೇಟರನ್ನು ಪಾತಾಳಕ್ಕೆ ತುಳಿಯಿತು! ಕೋಳಿಗಳು ಹಾರಿದವು, ಮೇಷ್ಟ್ರು ಜಗಲಿಗೆ ಹಾರಿದರು, ಕಾರು ಅಂಗಳ ದಾಟಿ ತಿಪ್ಪೆಗುಂಡಿಯ ಗರ್ಭಗುಡಿ ಪ್ರವೇಶಿಸಿತು!

ಮುಂದಿನ ಗಾಜಿನ ತುಂಬ ಸಗಣಿ.

"ಪಿಕಪ್ ಪರವಾಗಿಲ್ಲ," ಎಂದರು ಗುಂಡಯ್ಯ.

ಇಳಿಯಲು ಬಾಗಿಲು ತೆರೆದರೆ ಮೊಣಕಾಲುದ್ದ ಗೊಬ್ಬರ. ಬಿಳಿ ಅಂಗಿಯ ಸಮೇತ ಅವರು ಈಚೆ ಬರುವ ಹೊತ್ತಿಗೆ ತೋಟಗಾರಿಕೆ ಇಲಾಖೆಗೆ ಮತ್ತೆ ಸೇರಿದವರಂತೆ ಕಂಡರು. ಧನುಶ್ರೀಗೆ ಅಳುವೇ ಬಂತು. ಇಷ್ಟಪಟ್ಟ ಕಾರು ಕೈಸೇರುವ ಮುಂಚೆಯೇ ತಿಪ್ಪೆ ಪಾಲು! ಆದರೂ ಕಣ್ಣೊರೆಸಿಕೊಂಡು, ಚೂಡಿದಾರ ಮೇಲೆತ್ತಿ ಡ್ರೈವರ್ ಸೀಟಿಗೆ ಕೂತಳು. ಕಲಿಸಿದವರ ಕಾರು ಬಿಟ್ಟು ಬೇರೆಯದನ್ನು ಅವಳು ಮುಟ್ಟಿದವಳಲ್ಲ. ರಿವರ್ಸಿಗೆ ಹಾಕಿ, ಬ್ರೇಕನ್ನು ಮೆಲ್ಲಗೆ ಸಡಿಲಿಸಿದಳು. ಚಕ್ರ ಒಮ್ಮೆ ಜಾರಿ, ಮತ್ತೊಮ್ಮೆ ಜಾರಿ, ಮೂರನೆಯ ಸಲ ಹಿಡಿತ ಸಿಕ್ಕಿ ಕಾರು ಹಿಂದೆ ಸರಿಯಿತು. ಬೆಣ್ಣೆಯಿಂದ ಕೂದಲು ತೆಗೆದಂತೆ ಅಂಗಳಕ್ಕೆ ತಂದು ನಿಲ್ಲಿಸಿದಳು!

ಬೋರ್‌ವೆಲ್ ಪೈಪ್ ಹಿಡಿದು ತೊಳೆದರೆ ಒಂದು ಗೀರೂ ಇಲ್ಲ. ಗೊಬ್ಬರ ಹಾಸಿಗೆಯಂತೆ ಕಾಪಾಡಿತ್ತು. ಅದೇ ಪೈಪಿನಲ್ಲಿ ಗುಂಡಯ್ಯನವರನ್ನೂ ತೊಳೆದದ್ದಾಯಿತು.

ನಟರಾಜು ಮೇಷ್ಟ್ರು ಧನುಶ್ರೀಯ ಕೈಗೆ ಕೀಲಿ ಕೊಡುವ ಮುನ್ನ, ಮಗಳನ್ನು ಧಾರೆಯೆರೆವ ತಂದೆಯಂತೆ ಗಂಟಲು ಸರಿಮಾಡಿಕೊಂಡರು.

"ಸಾ, ತೆಪ್ಪು ತಿಳ್ಕಬ್ಯಾಡಿ. ಅತ್ತು ವರ್ಸ ಜ್ವಾಪಾನವಾಗಿ ಸಾಕಿವ್ನಿ. ಈ ಮಗೀಗೆ ಕೊಡ್ತೀನಿ. ಆದ್ರೆ ನೀವು ಮುಟ್ಟಾಕಿಲ್ಲ ಅಂತ ಮಾತು ಕೊಡ್ಬೇಕು!"

ತೊಟ್ಟಿಕ್ಕುವ ಅಂಗಿಯಲ್ಲಿ ಗುಂಡಯ್ಯನವರು ಮಾತು ಕೊಟ್ಟರು.

ವಾಪಸ್ ಬರುವಾಗ ಧನುಶ್ರೀ ಓಡಿಸಿದಳು. ಲಕ್ಷ್ಮಿದೇವಮ್ಮ ಜೀವನದಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತರು. ವಾಸನೆಯ ಕಾರಣ ಗುಂಡಯ್ಯನವರು ಹಿಂದೆ, ಎರಡೂ ಕಿಟಕಿ ತೆರೆದುಕೊಂಡು. ಕಾರು ಹಳ್ಳ ಕಂಡಲ್ಲಿ ನಿಧಾನಿಸಿತು, ಉಬ್ಬು ಕಂಡಲ್ಲಿ ಮೆಲ್ಲಗೆ ಏರಿಳಿಯಿತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಹೊಗೆ ಬಿಡಲಿಲ್ಲ, ಯಾರಿಗೂ ತಳ್ಳಿ ಎನ್ನಲಿಲ್ಲ. ಲಕ್ಷ್ಮಿದೇವಮ್ಮ ಬಹಳ ಹೊತ್ತು ಮಗಳ ಕೈಕಾಲುಗಳನ್ನೇ ನೋಡುತ್ತಾ ಕೂತಿದ್ದರು. ಹೊಳೆನರಸೀಪುರ ಹತ್ತಿರವಾದಾಗ ನಿಟ್ಟುಸಿರು ಬಿಟ್ಟು, ಎರಡೂ ಕೈಯಲ್ಲಿ ಗಲ್ಲ ಬಡಿದುಕೊಂಡರು.

"ತೆಪ್ಪಾಯ್ತು ಕಣವ್ವಾ! ಮೂವತ್ತು ವರ್ಸ ಬಾಯಿಗೆ ಬಂದಂಗೆ ಬೈಕಂಡು ಬಂದೆ. ಪಾಪ, ಆ ಮೂರು ಕಾರೂ ಬಂಗಾರದಂಥವು!"