ಅಣ್ಣನ ಪ್ರಿನ್ಸ್ ಚಾರ್ಲಿ

ಸಕಲೇಶಪುರದ ನಮ್ಮ ಟೈಲರ್ ಅಂಗಡಿಯಲ್ಲಿ ನಗುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ಮನೆಯಲ್ಲಿ ಸಾವಾದ ವರ್ಷವೂ ಬಿಡುವು ಕೊಡಲಿಲ್ಲ. ಕತ್ತರಿ ಅಣ್ಣನದು, ಮಿಷನ್ ನನ್ನದು. ಇವೆಲ್ಲ ಅವನ ಕೊನೆಯ ಕೋಟಿನ ಪ್ರಸಂಗಗಳು.

೧. ಗಿಡ್ಡ ಕೋಟು

ವನಗೂರಿನ ಎಸ್ಟೇಟ್ ಗೌಡರು ಬಂಗಲೆಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ಕೋಟು ತಂದರು. ಹಿಂದೆ ಅಲ್ಲಿದ್ದ ಸ್ಕಾಟ್ಲೆಂಡಿನ ದೊರೆಯದು. ಹೋಂಸ್ಟೇಗೆ ಬಂದವರು ತೊಟ್ಟು ಫೋಟೊ ತೆಗೆಸಿಕೊಳ್ಳಲು ಅಂಥದ್ದೇ ಒಂದು ಬೇಕಂತೆ. ಹಿಂದೆ ಬಾಲವಿತ್ತು, ಮುಂದೆ ಸೊಂಟಕ್ಕೇ ಮುಗಿದಿತ್ತು.

"ಯಾರೋ ಬಟ್ಟೆ ಸಾಲ್ದೆ ಹಾಳ್ ಮಾಡವ್ನೆ" ಎಂದು ಮರುಗಿದ ಅಣ್ಣ, ಹೊಸದರ ಮುಂಭಾಗವನ್ನು ನಾಲ್ಕು ಬೆರಳು ಇಳಿಸಿಬಿಟ್ಟ.

ಗೌಡರು ತಲೆ ಚಚ್ಚಿಕೊಂಡರು. "ಇದು ಪ್ರಿನ್ಸ್ ಚಾರ್ಲಿ ಅನ್ನೋ ಕೋಟು ಕಣೋ ಮಾರಾಯ! ಸ್ಕಾಟ್ಲೆಂಡಿನ ಗಂಡಸ್ರು ನೆರಿಗೆ ಲಂಗ ಉಟ್ಟು ಮುಂದೆ ಚೀಲ ನೇತಾಕ್ತಾರೆ. ಅದು ಕಾಣ್ಲಿ ಅಂತ್ಲೇ ಗಿಡ್ಡ."

"ಚೀಲಕ್ಕೋಸ್ಕರ ಕೋಟ್ ಕತ್ತರಿಸ್ತಾರಾ ಗೌಡ್ರೇ? ಚೀಲನೇ ಪಕ್ಕಕ್ಕೆ ಕಟ್ಕಳಕ್ಕಾಗಲ್ವಾ?" ಎಂದ ಅಣ್ಣ.

೨. ನಾಮಕರಣ

ಬಾಯಲ್ಲಿ ಹಾಗಂದರೂ ಅಣ್ಣ ಒಳಗೆ ಕುಗ್ಗಿಹೋದ. ಅವನು ಕತ್ತರಿಸಿದ ಕೋಟು ಯಾವತ್ತೂ ವಾಪಸ್ ಬಂದಿರಲಿಲ್ಲ. ಹೊಟ್ಟೆಯ ಕಾಯಿಲೆ ಆಗಲೇ ಅವನನ್ನು ಅರ್ಧ ತಿಂದಿತ್ತು. ಸಾಯುವುದರೊಳಗೆ ಇದನ್ನು ಬಿಚ್ಚಿ ಸರಿಮಾಡಿಕೊಡಬೇಕೆಂದು ಹಟ ಹಿಡಿದ. ನನಗೆ ಅಳು, ಅವನಿಗೆ ತಮಾಷೆ. ಸ್ಕಾಟ್ಲೆಂಡಿನ ಕೋಟುಗಳಲ್ಲಿ ಇದಕ್ಕೆ ರಾಜಕುಮಾರನ ಹೆಸರು, ಆರ್ಗೈಲ್ ಅನ್ನುವ ಇನ್ನೊಂದಕ್ಕೆ ಅಲ್ಲಿನ ಸೀಮೆಯ ಹೆಸರು ಎಂದು ಕೇಳಿದ್ದೇ ತಡ, ನಮ್ಮಲ್ಲೂ ನಾಮಕರಣ ಶುರು. ವನಗೂರಿನ ಜೀಪಿನಲ್ಲಿ ಕುಲುಕಾಡುವವರಿಗೆ ಕೂರುವ ಕಡೆ ಎರಡು ಪದರ ಹಾಕಿದ ಪ್ಯಾಂಟು 'ವನಗೂರು'. ಬೆಳಗೋಡಿನ ಬಸ್ಸಿನ ಕಂಬಿಗೆ ಜೋತುಬೀಳುವವರಿಗೆ ಕಂಕುಳು ಸಡಿಲವಾದ ಅಂಗಿ 'ಬೆಳಗೋಡು'.

ಅವನನ್ನು ನೋಡಲು ಬಂದ ಡಾಕ್ಟರು, "ನನ್ನ ಅಂಗಿಗೆ ಏನು ಹೆಸರಪ್ಪ?" ಎಂದರು.

"ತಡೀರಿ ಸಾರ್. ನಾನು ಉಳುದ್ರೆ ಒಳ್ಳೆ ಹೆಸ್ರು, ಇಲ್ದಿದ್ರೆ ಬ್ಯಾರೆ ಹೆಸ್ರು."

೩. ಟ್ರಯಲ್

ಅಂತೂ ಕೋಟು ಮುಗಿಯಿತು. ತೊಟ್ಟು ನೋಡಲು ಗೌಡರಿಗೆ ಹೊಟ್ಟೆ ಅಡ್ಡ, ನನಗೆ ಭುಜ ಅಡ್ಡ. ಸವೆದುಹೋಗಿದ್ದ ಅಣ್ಣನಿಗೆ ಮಾತ್ರ ಸರಿಯಾಗಿ ಕೂತಿತು. ಊರಿಗೆಲ್ಲ ಕೋಟು ಮಾಡಿದವನು ತಾನೊಂದು ತೊಟ್ಟದ್ದು ಅದೇ ಮೊದಲು, ಅದೂ ಪಂಚೆಯ ಮೇಲೆ.

ಗೌಡರು ಸುತ್ತ ತಿರುಗಿ ನೋಡಿ, "ಒಂದೆಳೆ ತಪ್ಪಿಲ್ಲ ಮಾರಾಯ" ಎಂದು ಮೊಬೈಲಿನಲ್ಲಿ ಫೋಟೊ ತೆಗೆದರು. ಅಣ್ಣ ಕಣ್ಣೊರೆಸಿಕೊಂಡ. ಹತ್ತು ದಿನಕ್ಕೆ ಹೋಗಿಬಿಟ್ಟ.

ಬೇರೆ ಒಳ್ಳೆಯ ಫೋಟೊ ಇರಲಿಲ್ಲ. ತಿಥಿಯ ದಿನ ಅದಕ್ಕೇ ಹಾರ ಹಾಕಿದೆವು. ಬಂದ ದೂರದ ನೆಂಟರೊಬ್ಬರು, "ಬ್ಯಾಂಡ್‌ಸೆಟ್‌ನಲ್ಲಿದ್ರಾ?" ಅಂದರು. ನನಗೆ ಮೈ ಉರಿದುಹೋಯಿತು.

ಅಷ್ಟು ದಿನ ಬರೀ ಅಳುತ್ತಿದ್ದ ಅತ್ತಿಗೆ ಫೋಟೊದ ಹಾರವನ್ನು ಪಕ್ಕಕ್ಕೆ ಸರಿಸಿ ಕೋಟು ನೋಡಿದಳು.

"ಮದ್ವೆ ದಿನ್ವೂ ಕೋಟ್ ಹಾಕ್ಲಿಲ್ಲ ಈವಯ್ಯ" ಎಂದಳು. "ಇಷ್ಟ್ ಚೆಂದಾಗ್ ಕಾಣ್ತಾರೆ ಅಂತ ಗೊತ್ತಿದ್ರೆ, ಅರ್ಧಕ್ಕರ್ಧ ಜಗ್ಳ ನಾನು ಆಡ್ತಾನೇ ಇರ್ಲಿಲ್ಲ ಕಣೋ!"